ಶರಾವತಿ ಹಿನ್ನೀರಿನಲ್ಲಿ ಪುಟ್ಟ ಹಾಯಿದೋಣಿಗೆ 10×50 ಬೈನಾಕ್ಯುಲರ್ ಬೇಡ, 7×50 ತಗೊಳ್ಳಿ ಅಂತಾರಲ್ಲ, ಯಾಕೆ?

ಅವರು ಹೇಳಿದ್ದು ಸರಿ, 7×50 ತಗೊಳ್ಳಿ. ಓಲಾಡುವ ದೋಣಿಯಲ್ಲಿ 10 ಪಟ್ಟು ಹಿಗ್ಗಿಸುವುದಕ್ಕಿಂತ 7 ಪಟ್ಟು ಹಿಗ್ಗಿಸುವುದರಲ್ಲೇ ಜಾಸ್ತಿ ಕಾಣುತ್ತದೆ.

ಮೊದಲ ಅಂಕಿ, ನೋಟ ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನುವುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಆದರೆ ಹಿಗ್ಗುವುದು ನೋಟ ಮಾತ್ರ ಅಲ್ಲ. ಕೈ ನಡುಕ, ದೋಣಿಯ ಓಲಾಟ ಎಲ್ಲವೂ ಅಷ್ಟೇ ಪಟ್ಟು ಹಿಗ್ಗುತ್ತವೆ. ದಡದಲ್ಲಿ ನಿಂತು ನೋಡುವಾಗ 10 ಪಟ್ಟು ಚೆಂದವೇ. ಹೊನ್ನೆಮರಡು ಕಡೆ ಗಾಳಿ ಎದ್ದು ದೋಣಿ ಕುಣಿಯತೊಡಗಿದರೆ, ನೀರಿನಿಂದ ತಲೆ ಎತ್ತಿದ ಒಣಮರದ ಬೊಡ್ಡೆ ಕಣ್ಣಿಗೆ ನಿಲ್ಲುವುದೇ ಇಲ್ಲ. ನೀವು ಮುಖ್ಯವಾಗಿ ನೋಡಬೇಕಾದದ್ದು ಆ ಬೊಡ್ಡೆಗಳನ್ನೇ ಅಲ್ವಾ?

50ನ್ನು 7ರಿಂದ ಭಾಗಿಸಿದರೆ ಸುಮಾರು 7 ಮಿ.ಮೀ. ಕಣ್ಣಿನ ಕಡೆ ಬರುವ ಬೆಳಕಿನ ಅಗಲ ಅದು. 10×50ರಲ್ಲಿ ಬರೀ 5. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಅರಳುವುದೂ ಹೆಚ್ಚುಕಡಿಮೆ 7 ಮಿ.ಮೀ.ವರೆಗೆ. ಹಾಗಾಗಿ ಮುಸ್ಸಂಜೆಯಲ್ಲೂ ದಡ ತಿಳಿಯುತ್ತದೆ. ತಲೆ ಸ್ವಲ್ಪ ಅತ್ತಿತ್ತ ಆದರೂ ಚಿತ್ರ ಮಾಯವಾಗುವುದಿಲ್ಲ.

ನೈಟ್ರೋಜನ್ ತುಂಬಿದ ವಾಟರ್‌ಪ್ರೂಫ್ ಮಾದರಿಯೇ ಇರಲಿ. ಇಲ್ಲಿನ ಮಳೆಗಾಲದ ತೇವಕ್ಕೆ ಒಳಗಾಜು ಮಬ್ಬಾದರೆ ಒರೆಸೋಕೆ ಆಗಲ್ಲ, ಆಮೇಲೆ ಬೂಷ್ಟೂ ಹಿಡಿಯುತ್ತದೆ. ತೇಲುವ ಕೊರಳಪಟ್ಟಿ ಹಾಕಿಸಿ.

7×50ರ ತೂಕ ಒಂದು ಕಿಲೋ ಆಸುಪಾಸು. ಹಗಲಲ್ಲಿ ಮಾತ್ರ ದೋಣಿ ಬಿಡುವುದು, ಮಂಡಗದ್ದೆಯಲ್ಲಿ ಹಕ್ಕಿ ನೋಡೋಕೂ ಅದೇ ಬೇಕು ಅಂದರೆ ಹಗುರವಾದ 8×42 ನೋಡಿ.