ಒಪೆರಾ ಎಂದರೆ ಹಾಡಿನಲ್ಲೇ ಸಾಗುವ ಪಾಶ್ಚಾತ್ಯ ನಾಟಕ. ಅದರ ಹೆಸರಾಂತ ರಂಗವಾದ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಮೊದಲು ಹಾಡಿದ ಕಪ್ಪು ಗಾಯಕಿ ಮರಿಯನ್ ಆಂಡರ್ಸನ್. ಆದರೂ ಅವರ ನಂತರ ಅಲ್ಲಿಗೆ ಬಂದ ಕಪ್ಪು ಗಾಯಕಿ ಲಿಯೊಂಟೀನ್ ಪ್ರೈಸ್‌ಗೆ ಅಷ್ಟೊಂದು ಮಹತ್ವ ಏಕೆ?

ಆಂಡರ್ಸನ್ ಬಾಗಿಲು ತೆರೆದರು. ಪ್ರೈಸ್ ಒಳಗೆ ಹೋಗಿ ಮನೆಯೊಡತಿಯೇ ಆದರು. 1955ರಲ್ಲಿ ಆ ರಂಗಕ್ಕೆ ಬಂದಾಗ ಆಂಡರ್ಸನ್‌ಗೆ 57 ವರ್ಷ. ಅಲ್ಲಿ ಅವರು ಹಾಡಿದ್ದು ಒಂದೇ ಪಾತ್ರ, ಅದೂ ಭವಿಷ್ಯ ಹೇಳುವವಳದು.

ವ್ಯತ್ಯಾಸಕ್ಕೆ ವಯಸ್ಸಷ್ಟೇ ಕಾರಣವಲ್ಲ, ಕಂಠವೂ ಹೌದು. ಆಂಡರ್ಸನ್ ಅವರದು ಹೆಣ್ಣುದನಿಗಳಲ್ಲೇ ತಗ್ಗಿನದು. ಪ್ರೈಸ್ ಸೊಪ್ರಾನೊ, ಅಂದರೆ ಅತಿ ಎತ್ತರದ ಹೆಣ್ಣುದನಿ. ಒಪೆರಾಗಳಲ್ಲಿ ನಾಯಕಿಯ ಪಾತ್ರ ಹೆಚ್ಚಾಗಿ ಈ ದನಿಗೇ ಮೀಸಲು. 1961ರಲ್ಲಿ ಇಟಲಿಯ ಸಂಗೀತಕಾರ ವೆರ್ದಿಯ 'ಇಲ್ ತ್ರೊವಾತೊರೆ' ಒಪೆರಾದ ನಾಯಕಿಯಾಗಿ ಪ್ರೈಸ್ ಅಲ್ಲಿ ಕಾಲಿಟ್ಟ ರಾತ್ರಿ ಚಪ್ಪಾಳೆ ನಲವತ್ತು ನಿಮಿಷ ನಿಲ್ಲಲಿಲ್ಲವಂತೆ! 1966ರಲ್ಲಿ ಮೆಟ್ರೊಪಾಲಿಟನ್‌ನ ಹೊಸ ಕಟ್ಟಡದ ಉದ್ಘಾಟನೆಗೂ ಕ್ಲಿಯೋಪಾತ್ರಳಾಗಿ ಅವರೇ ಬೇಕಾದರು. 1985ರಲ್ಲಿ 'ಐದಾ' ಹಾಡಿ ಒಪೆರಾ ರಂಗದಿಂದ ನಿವೃತ್ತರಾದರು.