ಗಣಿತದ ಕಟ್ಟೆ: ಘಟ್ಟ ಹತ್ತುವ ಬಸ್ಸು, ಹೊಳೆಗೆ ಎದುರಾದ ದೋಣಿ

ದೂರ, ಜವ, ಕಾಲದ ಲೆಕ್ಕಗಳ ಮೇಲೆ ಬಂದ ಪ್ರಶ್ನೆಗಳಲ್ಲಿ ಐದಕ್ಕೆ ಈ ಸಲ ಉತ್ತರ. ಲೆಕ್ಕ ಸಲೀಸಾಗಲೆಂದು ಊರೂರಿನ ದೂರವನ್ನು ದುಂಡಗೆ ಮಾಡಿಕೊಂಡಿದ್ದೇವೆ. ಕಿಲೋಮೀಟರ್ ಕಲ್ಲು ಎಣಿಸಿ ಜಗಳಕ್ಕೆ ಬರಬೇಡಿ.

ಪ್ರಶ್ನೆ: ಬಸ್ಸೊಂದು ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತಿ ಗಂಟೆಗೆ 30 ಕಿ.ಮೀ. ಜವದಲ್ಲಿ ಬಂದು, ಅದೇ ದಾರಿಯಲ್ಲಿ 45ರ ಜವದಲ್ಲಿ ಇಳಿದರೆ ಸರಾಸರಿ ಜವ ಎಷ್ಟು? ಎರಡನ್ನೂ ಕೂಡಿಸಿ ಅರ್ಧ ಮಾಡಿ 37.5 ಎಂದು ಬರೆದೆ. ತಪ್ಪಂತೆ. ದೂರವನ್ನೇ ಕೊಟ್ಟಿಲ್ಲವಲ್ಲ, ಉತ್ತರ ಹೇಗೆ ತೆಗೆಯುವುದು?
— ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ದೂರ ಕೊಟ್ಟಿಲ್ಲವೆಂದರೆ ಯಾವ ದೂರ ಹಿಡಿದರೂ ಉತ್ತರ ಅದೇ ಬರುತ್ತದೆ ಎಂದರ್ಥ. ಹಾಗಾದರೆ ನಮಗೆ ಅನುಕೂಲವಾದದ್ದನ್ನೇ ಹಿಡಿಯೋಣ: 30ಕ್ಕೂ 45ಕ್ಕೂ ಶೇಷವಿಲ್ಲದೆ ಭಾಗವಾಗುವ 90 ಕಿ.ಮೀ. ಹತ್ತಲು 3 ಗಂಟೆ, ಇಳಿಯಲು 2 ಗಂಟೆ. ಒಟ್ಟು 180 ಕಿ.ಮೀ., 5 ಗಂಟೆ. ಸರಾಸರಿ 36. ನಿಜದ ದೂರಕ್ಕೆ ಹತ್ತಿರದ 60 ಹಿಡಿದು ನೋಡಿ: 2 ಗಂಟೆ ಮತ್ತು 1 ಗಂಟೆ 20 ನಿಮಿಷ. 120 ಕಿ.ಮೀ.ಗೆ 3 ಗಂಟೆ 20 ನಿಮಿಷ. ಮತ್ತೆ 36.

37.5 ಏಕೆ ಅಲ್ಲ ಎಂಬುದು ಆ 3 ಮತ್ತು 2ರಲ್ಲೇ ಕಾಣುತ್ತದೆ. ಬಸ್ಸು 30ರ ಜವದಲ್ಲಿ ಹೆಚ್ಚು ಹೊತ್ತು ಇತ್ತು, 45ರಲ್ಲಿ ಕಡಿಮೆ ಹೊತ್ತು. ಆದ್ದರಿಂದ ಸರಾಸರಿ 30ರ ಕಡೆಗೆ ವಾಲುತ್ತದೆ. ಎರಡೂ ಜವದಲ್ಲಿ ಸಮ ಹೊತ್ತು ಓಡಿದ್ದರೆ ನಿಮ್ಮ 37.5 ಸರಿಯಾಗುತ್ತಿತ್ತು. ಸಮವಾಗಿರುವುದು ದೂರವೋ ಕಾಲವೋ ಎಂದು ಮೊದಲು ನೋಡಿ, ಆಮೇಲೆ ಪೆನ್ನು ಎತ್ತಿ.

ಇನ್ನೊಂದು ತಮಾಷೆ. 30ರಲ್ಲಿ ಹತ್ತಿದ ಬಸ್ಸು ಎಷ್ಟು ಜವದಲ್ಲಿ ಇಳಿದರೆ ಒಟ್ಟು ಸರಾಸರಿ 60 ಆದೀತು? 90 ಎನ್ನಲು ಬಾಯಿ ತುರಿಸುತ್ತದೆ. ಆದರೆ 60 ಕಿ.ಮೀ. ಹೋಗಿ 60 ಕಿ.ಮೀ. ಬರಲು ಸರಾಸರಿ 60 ಬೇಕೆಂದರೆ ಸಿಗುವುದು ಎರಡೇ ಗಂಟೆ. ಆ ಎರಡೂ ಹತ್ತುವಾಗಲೇ ಮುಗಿದಿವೆ. ಸಾಧ್ಯವೇ ಇಲ್ಲ.

ಪದದ ಬಗ್ಗೆಯೂ ಎಚ್ಚರ ಇರಲಿ. ಆಡುಮಾತಿನಲ್ಲಿ ಎಲ್ಲವೂ ‘ವೇಗ’ವೇ. ವಿಜ್ಞಾನದ ಪಾಠದಲ್ಲಿ ಜವ ಬೇರೆ, ದಿಕ್ಕು ಸೇರಿದ ವೇಗ ಬೇರೆ. ಹೊರಟಲ್ಲಿಗೇ ವಾಪಸು ಬಂದ ಬಸ್ಸಿನ ಸರಾಸರಿ ಜವ 36, ಸರಾಸರಿ ವೇಗ ಸೊನ್ನೆ.

ಪ್ರಶ್ನೆ: ಮಗ ಹತ್ತನೇ ತರಗತಿ. ವರ್ಗ ಸಮೀಕರಣ ಕೊಟ್ಟರೆ ಬಿಡಿಸುತ್ತಾನೆ, ವಾಕ್ಯರೂಪದ ಲೆಕ್ಕ ಕೊಟ್ಟರೆ ಕೈಚೆಲ್ಲುತ್ತಾನೆ. “ಕಾರವಾರದಿಂದ ಭಟ್ಕಳಕ್ಕೆ 120 ಕಿ.ಮೀ. ಬಸ್ಸು ಗಂಟೆಗೆ 8 ಕಿ.ಮೀ. ಹೆಚ್ಚು ಜವದಲ್ಲಿ ಹೋಗಿದ್ದರೆ 30 ನಿಮಿಷ ಮೊದಲೇ ಮುಟ್ಟುತ್ತಿತ್ತು. ಬಸ್ಸಿನ ಜವ ಎಷ್ಟು?” ಇಂಥದ್ದನ್ನು ಎಲ್ಲಿಂದ ಹಿಡಿಯಬೇಕು?
— ಪಾಲಕರು, ಕುಮಟಾ

ಉತ್ತರ: ಸಮೀಕರಣದಿಂದಂತೂ ಅಲ್ಲ. ಮೊದಲು ಮೂರು ಕಲಮಿನ ಕೋಷ್ಟಕ ಹಾಕಿಸಿ: ದೂರ, ಜವ, ಕಾಲ. ಸಾಲು ಎರಡು: ನಿಜವಾಗಿ ಹೋದದ್ದು, ಹೋಗಿದ್ದರೆ ಎಂದದ್ದು. ಪುಸ್ತಕದ ಎಕ್ಸ್ ಬದಲು ಇಲ್ಲಿ ಜವಕ್ಕೆ ‘ಜ’ ಎಂದು ಬರೆಯುತ್ತೇವೆ. ಉತ್ತರಪತ್ರಿಕೆಯಲ್ಲಿ ಎಕ್ಸೇ ಇರಲಿ.

ದೂರದ ಕಲಮು: 120, 120.
ಜವದ ಕಲಮು: ಜ, ಜ + 8.
ಕಾಲದ ಕಲಮು: 120/ಜ, 120/(ಜ + 8).

ಮೊದಲ ಕಲಮು ಪ್ರಶ್ನೆಯಿಂದ ಬಂತು, ಎರಡನೆಯದಕ್ಕೆ ನಾವು ಹೆಸರಿಟ್ಟೆವು, ಮೂರನೆಯದು ಭಾಗಿಸಿದ್ದರಿಂದ ತಾನಾಗಿ ತುಂಬಿತು. ಸಮೀಕರಣ ಹುಟ್ಟುವುದು ಈ ಮೂರನೇ ಕಲಮಿನಲ್ಲಿ. ಮಕ್ಕಳು ಎಡವುವುದು ಇಲ್ಲೇ: ಜವಕ್ಕೆ ಅಕ್ಷರ ಇಟ್ಟು, ಸಮೀಕರಣವನ್ನೂ ಜವದಲ್ಲೇ ಹುಡುಕುತ್ತಾರೆ. ‘8 ಹೆಚ್ಚು’ ಎಂಬ ಮಾತು ಆಗಲೇ ಎರಡನೇ ಕಲಮಿನಲ್ಲಿ ಖರ್ಚಾಗಿದೆ. ಇನ್ನೂ ಬಳಸದೆ ಉಳಿದ ಮಾತು ‘30 ನಿಮಿಷ ಮೊದಲು’. ಅದನ್ನು ಕಾಲದ ಕಲಮಿಗೆ ಹೊಂದಿಸಿ:

120/ಜ − 120/(ಜ + 8) = 1/2

ಎರಡೂ ಕಡೆ 2ಜ(ಜ + 8)ರಿಂದ ಗುಣಿಸಿದರೆ 1920 = ಜ² + 8ಜ. ಅಂದರೆ 8ರ ಅಂತರವಿದ್ದು ಗುಣಲಬ್ಧ 1920 ಆಗುವ ಎರಡು ಸಂಖ್ಯೆ ಬೇಕು. ಅಪವರ್ತನ ಹುಡುಕುತ್ತ ಪುಟ ತುಂಬಿಸುವುದು ಬೇಡ. ಅವೆರಡರ ನಟ್ಟನಡುವಿನ ಸಂಖ್ಯೆಯ ವರ್ಗ 1920 + 16 (ಅಂತರದ ಅರ್ಧ 4, ಅದರ ವರ್ಗ 16), ಅಂದರೆ 1936. ಅದರ ಮೂಲ 44. ನಾಲ್ಕು ಹಿಂದೆ 40, ನಾಲ್ಕು ಮುಂದೆ 48. ಹಾಗಾಗಿ (ಜ − 40)(ಜ + 48) = 0. ಜವ 40. ತಾಳೆ ನೋಡಿ: 40ರಲ್ಲಿ 3 ಗಂಟೆ, 48ರಲ್ಲಿ ಎರಡೂವರೆ.

ಋಣ 48ನ್ನು ಬಿಟ್ಟುಬಿಡುವಾಗ ‘ಜವ ಋಣವಾಗಿರದು’ ಎಂದು ಒಂದು ಸಾಲು ಬರೆಯಲಿ, ಸುಮ್ಮನೆ ಗೀಟು ಎಳೆಯಬಾರದು. ಅಂದಹಾಗೆ ಆ 48 ಎಲ್ಲಿಂದಲೋ ಬಂದ ಅತಿಥಿಯಲ್ಲ, ಹೆಚ್ಚಿಸಿದ ಜವವೇ ಚಿಹ್ನೆ ಬದಲಿಸಿ ಬಂದಿದೆ.

ತಪ್ಪಾದರೆ ಲೆಕ್ಕವೇ ಕೂಗಿ ಹೇಳುತ್ತದೆ, ಕೇಳಿಸಿಕೊಳ್ಳಲು ಕಲಿಸಿ. 1/2 ಬದಲು 30 ಬರೆದರೆ ಜ² + 8ಜ = 32 ಆಗಿ ಜವ ಸುಮಾರು 2.9 ಬರುತ್ತದೆ, ನಡೆದು ಹೋಗುವವರೇ ಆ ಬಸ್ಸನ್ನು ಹಿಂದೆ ಹಾಕುತ್ತಾರೆ. ನಿಮಿಷ ಗಂಟೆಯಾಗಿಲ್ಲ ಎಂದು ಆಗಲೇ ತಿಳಿಯಬೇಕು. ಕಾಲಗಳನ್ನು ತಿರುಗುಮುರುಗಾಗಿ ಕಳೆದರೆ ಜ² + 8ಜ + 1920 = 0 ಬಂದು ಶೋಧಕ (ಸೂತ್ರದಲ್ಲಿ ವರ್ಗಮೂಲದೊಳಗೆ ಬರುವ ಅಂಕಿ) ಋಣವಾಗುತ್ತದೆ, ಉತ್ತರವೇ ಸಿಗುವುದಿಲ್ಲ. ಆಗ ‘ಪ್ರಶ್ನೆಯೇ ತಪ್ಪು’ ಎಂದು ಬರೆಯುವವರಿದ್ದಾರೆ! ಕಡಿಮೆ ಜವದ ಸಾಲಿನಲ್ಲಿ ಹೆಚ್ಚು ಕಾಲ ಇರುತ್ತದೆ, ಅದರಿಂದ ಇನ್ನೊಂದನ್ನು ಕಳೆಯಬೇಕು, ಅಷ್ಟೇ.

ಇದೇ ಲೆಕ್ಕವನ್ನು ಕಾಲಕ್ಕೆ ‘ಕ’ ಎಂದಿಟ್ಟೂ ಒಮ್ಮೆ ಮಾಡಿಸಿ. ಆಗ ಜವದ ಕಲಮು ಕೊನೆಗೆ ತುಂಬುತ್ತದೆ, ಸಮೀಕರಣ ಅಲ್ಲಿ ಹುಟ್ಟುತ್ತದೆ: 120/(ಕ − 1/2) − 120/ಕ = 8. ಇದು 2ಕ² − ಕ − 15 = 0 ಎಂದು ಇಳಿಯುತ್ತದೆ, ಕ = 3. ಕೇಳಿದ್ದು ಜವ, ಆದ್ದರಿಂದ 120ನ್ನು 3ರಿಂದ ಭಾಗಿಸುವ ಕೆಲಸ ಬಾಕಿ ಇರುತ್ತದೆ. ಅದನ್ನು ಮರೆತು 3ಕ್ಕೇ ಚೌಕ ಹಾಕಿ ಕೂರುವವರೂ ಉಂಟು. ಆದರೆ 1920ರ ಜೊತೆ ಗುದ್ದಾಡುವುದಕ್ಕಿಂತ 15 ವಾಸಿ.

ಪ್ರಶ್ನೆ: 90 ಕಿ.ಮೀ. ದೂರದ ಕಾರವಾರ–ಹೊನ್ನಾವರ ನಡುವೆ, ಕಾರವಾರದಿಂದ 7 ಗಂಟೆಗೆ ಒಂದು ಗಾಡಿ 40ರ ಜವದಲ್ಲಿ, ಹೊನ್ನಾವರದಿಂದ 7.30ಕ್ಕೆ ಇನ್ನೊಂದು 30ರ ಜವದಲ್ಲಿ ಹೊರಟರೆ ಎಷ್ಟು ಹೊತ್ತಿಗೆ ಎದುರಾಗುತ್ತವೆ? 90ನ್ನು 70ರಿಂದ ಭಾಗಿಸಿದರೆ ಉತ್ತರ ಹೊಂದುತ್ತಿಲ್ಲ.
— ಅಂಕೋಲಾ

ಉತ್ತರ: ಇಬ್ಬರೂ ಓಡುತ್ತಿರುವಾಗ ಮಾತ್ರ ಜವ ಕೂಡಿಸಬಹುದು. ಮೊದಲ ಅರ್ಧ ಗಂಟೆ ಓಡಿದ್ದು ಒಂದೇ ಗಾಡಿ, 20 ಕಿ.ಮೀ. ಉಳಿದ 70ನ್ನು 70ರಿಂದ ಭಾಗಿಸಿ: 7.30ರ ನಂತರ 1 ಗಂಟೆ, ಅಂದರೆ 8.30ಕ್ಕೆ, ಕಾರವಾರದಿಂದ 60 ಕಿ.ಮೀ. ದೂರದಲ್ಲಿ. ಗಡಿಯಾರದ 7.30ನ್ನು ದಶಮಾಂಶದ 7.5ರ ಜೊತೆ ಬೆರೆಸಬೇಡಿ, 1.4 ಗಂಟೆ ಎಂದರೆ 1 ಗಂಟೆ 24 ನಿಮಿಷ, 1 ಗಂಟೆ 40 ಅಲ್ಲ.

ಪ್ರಶ್ನೆ: ರೈಲಿನಲ್ಲಿ ಕಿಟಕಿ ಪಕ್ಕ ಕುಳಿತು ಶರಾವತಿ ಸೇತುವೆ ದಾಟುವ ಹೊತ್ತನ್ನು ಮೊಬೈಲಿನಲ್ಲಿ ಅಳೆದೆ: 1 ನಿಮಿಷ 43 ಸೆಕೆಂಡು. ಜವ ಗಂಟೆಗೆ 72 ಎಂದು ತೋರಿಸುತ್ತಿತ್ತು. ಪುಸ್ತಕದ ಸೂತ್ರದಂತೆ ರೈಲಿನ ಉದ್ದ ಸೇರಿಸಿದರೆ 2 ನಿಮಿಷ ದಾಟುತ್ತದೆ. ಯಾವುದು ಸರಿ?
— ಹೊನ್ನಾವರ

ಉತ್ತರ: ಎರಡೂ ಸರಿ. ಕೊಂಕಣ ರೈಲ್ವೆಯ ಆ ಸೇತುವೆಯ ಉದ್ದ 2,065.8 ಮೀಟರ್, 2,066 ಎನ್ನೋಣ. 72ನ್ನು 5/18ರಿಂದ ಗುಣಿಸಿದರೆ ಸೆಕೆಂಡಿಗೆ 20 ಮೀಟರ್. ನೀವು ಕುಳಿತ ಸೀಟು ಒಂದು ಬಿಂದು. ಅದು ಸೇತುವೆಯಷ್ಟೇ ದೂರ ಸಾಗಿತು. 2,066ನ್ನು 20ರಿಂದ ಭಾಗಿಸಿದರೆ 103 ಸೆಕೆಂಡು, ನಿಮ್ಮ ಮೊಬೈಲು ಹೇಳಿದ್ದೂ ಅದನ್ನೇ. ಪುಸ್ತಕ ಲೆಕ್ಕ ಹಾಕುವುದು ಎಂಜಿನ್ನಿನ ಮೂತಿ ಸೇತುವೆಗೆ ತಾಗಿದ ಕ್ಷಣದಿಂದ ಕೊನೆಯ ಬೋಗಿಯ ಬಾಲ ಆಚೆ ಹೋಗುವವರೆಗೆ. ರೈಲು 500 ಮೀಟರ್ ಇದ್ದರೆ 2,566 ಮೀಟರ್, 128 ಸೆಕೆಂಡು. ‘ಇಡೀ ರೈಲು ಸೇತುವೆಯ ಮೇಲೆಯೇ ಇದ್ದದ್ದು ಎಷ್ಟು ಹೊತ್ತು’ ಎಂದು ಕೇಳಿದರೆ ಮಾತ್ರ ಕಳೆಯಬೇಕು: 1,566 ಮೀಟರ್, 78 ಸೆಕೆಂಡು.

ಎದುರು ರೈಲಿಗೂ ಇದೇ ಮಾತು. ಜವ ಕೂಡಿಸಿದರೆ ಸಾಲದು, ಯಾರು ಯಾರನ್ನು ದಾಟುವುದು ಎಂದೂ ನೋಡಬೇಕು. ನಮ್ಮ ಕರಾವಳಿಯಲ್ಲಿ ಇರುವುದು ಒಂದೇ ಹಳಿ, ಕ್ರಾಸಿಂಗಿಗೆ ಒಂದು ರೈಲು ನಿಲ್ದಾಣದಲ್ಲಿ ನಿಂತೇ ಇರುತ್ತದೆ. ಅದರ ಜವ ಸೊನ್ನೆ.

ಪ್ರಶ್ನೆ: ದೋಣಿ ಹೊಳೆಯ ಎದುರಿಗೆ 12 ಕಿ.ಮೀ. ಹೋಗಲು 2 ತಾಸು, ವಾಪಸು ಬರಲು 1 ತಾಸು 20 ನಿಮಿಷ ತೆಗೆದುಕೊಂಡರೆ ನೀರಿನ ಜವ ಎಷ್ಟು? ಹೋಗುವಾಗ ಕಳೆದುಕೊಂಡದ್ದು ಬರುವಾಗ ಸಿಗುವುದರಿಂದ ಒಟ್ಟು ಕಾಲ ನಿಂತ ನೀರಿನಷ್ಟೇ ಆಗಬೇಕಲ್ಲವೇ?
— ತದಡಿ

ಉತ್ತರ: ಎದುರಿಗೆ ಹೋದ ಜವ 6, ಜೊತೆಗೆ ಬಂದ ಜವ 9. ದೋಣಿ ಕಳೆ ನೀರು 6, ದೋಣಿ ಕೂಡು ನೀರು 9. ಕೂಡಿಸಿ ಅರ್ಧ ಮಾಡಿದರೆ ದೋಣಿ 7.5, ಕಳೆದು ಅರ್ಧ ಮಾಡಿದರೆ ನೀರು 1.5. ಇಲ್ಲಿ ಕೂಡಿಸಿ ಅರ್ಧ ಮಾಡಿದ್ದು ಸರಿ, ಘಟ್ಟದ ಬಸ್ಸಿನಲ್ಲಿ ತಪ್ಪು. ಏಕೆಂದರೆ ಇಲ್ಲಿ ಹುಡುಕುತ್ತಿರುವುದು ಸರಾಸರಿಯನ್ನಲ್ಲ, ಜೋಡಿ ಸಮೀಕರಣದ ಉತ್ತರವನ್ನು.

ಇನ್ನು ಎರಡನೇ ಪ್ರಶ್ನೆ. ನಿಂತ ನೀರಿನಲ್ಲಿ 24 ಕಿ.ಮೀ.ಗೆ 7.5ರ ಜವದಲ್ಲಿ 3 ಗಂಟೆ 12 ನಿಮಿಷ ಸಾಕಿತ್ತು. ಹೊಳೆಯಲ್ಲಿ 3 ಗಂಟೆ 20 ನಿಮಿಷ ಆಯಿತು. ಜವದಲ್ಲಿ ಕಳೆದದ್ದೂ ಪಡೆದದ್ದೂ ಒಂದೇ, 1.5. ಆದರೆ ಕಳೆದುಕೊಳ್ಳುತ್ತ ಹೋದದ್ದು 2 ಗಂಟೆ ಹೊತ್ತು, ಪಡೆಯುತ್ತ ಬಂದದ್ದು 1 ಗಂಟೆ 20 ನಿಮಿಷ ಹೊತ್ತು ಮಾತ್ರ. ಆ 8 ನಿಮಿಷ ವಾಪಸು ಬರುವುದಿಲ್ಲ.

ಪುಸ್ತಕದ ಹೊಳೆ ಯಾವಾಗಲೂ ಒಂದೇ ಜವದಲ್ಲಿ ಸಮುದ್ರದ ಕಡೆಗೇ ಹರಿಯುತ್ತದೆ. ನಿಮ್ಮ ಅಘನಾಶಿನಿಯ ಅಳಿವೆ ಹಾಗಲ್ಲ. ಭರತ ಏರುವಾಗ ನೀರು ಒಳಮುಖ, ಇಳಿತದಲ್ಲಿ ಹೊರಮುಖ, ಸುಮಾರು ಆರು ಗಂಟೆಗೊಮ್ಮೆ ದಿಕ್ಕು ಬದಲು. ಭರತದ ಹೊತ್ತಿಗೆ ಮೇಲಕ್ಕೆ ಹೋಗುವ ದೋಣಿಗೆ ನೀರಿನ ಜವ ಕಳೆಯುವುದಲ್ಲ, ಕೂಡಿಸುವುದು. ದೋಣಿಯಲ್ಲಿ ಜಿಪಿಎಸ್ ಇದ್ದರೆ ಅದು ತೋರಿಸುವುದು ನೆಲಕ್ಕೆ ಹೋಲಿಸಿದ ಜವವನ್ನು, ಅಂದರೆ 6 ಅಥವಾ 9, 7.5 ಅದರಲ್ಲಿ ನೇರವಾಗಿ ಕಾಣದು. ಅಂಕಿ ನಾಟ್‌ನಲ್ಲಿದ್ದರೆ (ಗಂಟೆಗೆ ಒಂದು ನಾವಿಕ ಮೈಲಿ) ಗಂಟೆಗೆ ಕಿ.ಮೀ. ಮಾಡಲು 1.852ರಿಂದ ಗುಣಿಸಿಕೊಳ್ಳಿ. ಗಾಳಿ ಇಲ್ಲದ ಹೊತ್ತಿನಲ್ಲಿ ಎಂಜಿನ್ ನಿಲ್ಲಿಸಿ ದೋಣಿಯನ್ನು ತೇಲಲು ಬಿಟ್ಟರೆ ಪರದೆಯಲ್ಲಿ ಉಳಿಯುವ ಅಂಕಿಯೇ ನೀರಿನ ಜವ.