ಜಿಆರ್‌ಎನ್ ಇಲ್ದೆ ಬಿಲ್ ಯಾಕೆ ಪಾಸ್ ಆಗಲ್ಲ?

ಪಿಓ (ಪರ್ಚೇಸ್ ಆರ್ಡರ್) ಇದೆ, ಇನ್ವಾಯ್ಸೂ ಬಂದಿದೆ, ಆದ್ರೂ ಅಕೌಂಟ್ಸ್‌ನವ್ರು ಜಿಆರ್‌ಎನ್ (ಗೂಡ್ಸ್ ರಿಸೀಟ್ ನೋಟ್, ಅಂದ್ರೆ ಮಾಲು ಬಂದಿದ್ದಕ್ಕೆ ಸ್ಟೋರ್ಸ್‌ನವ್ರು ಮಾಡೋ ಚೀಟಿ) ಕೊಡಿ ಅಂತ ಬಿಲ್ ತಡೆದಿದ್ದಾರೆ, ಜೊತೆಗೆ ಇನ್ವಾಯ್ಸ್ ಮೇಲಿರೋ 2/10 ನೆಟ್ 30 ಅಂದ್ರೇನು ಅಂತ ಕೇಳಿದ್ದೀರಲ್ಲ, ನೋಡಿ ಅವ್ರು ಕೇಳ್ತಿರೋದು ಸರಿಯಾಗೇ ಇದೆ. ಪಿಓ ಅಂದ್ರೆ ನಾವು ಏನು ಬೇಕು ಅಂತ ಆರ್ಡರ್ ಕೊಟ್ಟಿದ್ದು, ಇನ್ವಾಯ್ಸ್ ಅಂದ್ರೆ ಸಪ್ಲೈಯರ್ ಎಷ್ಟು ದುಡ್ಡು ಕೇಳ್ತಿದ್ದಾರೆ ಅನ್ನೋದು, ಇವೆರಡರ ಮಧ್ಯೆ ಮಾಲು ನಿಜವಾಗ್ಲೂ ಎಷ್ಟು ಬಂತು ಅಂತ ಹೇಳೋದು ಜಿಆರ್‌ಎನ್ ಒಂದೇ. ಪಿಓದಲ್ಲಿ 100 ವಾಲ್ವ್, ಇನ್ವಾಯ್ಸಲ್ಲೂ 100, ಆದ್ರೆ ಸ್ಟೋರ್ಸ್‌ನವ್ರು ಬಾಕ್ಸ್ ಬಿಚ್ಚಿ ಎಣಿಸಿದ್ರೆ 96 ಅಂತಿಟ್ಕೊಳ್ಳಿ, ಜಿಆರ್‌ಎನ್ ನೋಡದೆ ಪಾಸ್ ಮಾಡಿದ್ರೆ ಬರದೇ ಇರೋ 4ಕ್ಕೂ ದುಡ್ಡು ಹೋಯ್ತು. ಮೂರನ್ನೂ ತಾಳೆ ನೋಡೋದಕ್ಕೇ ತ್ರೀ ವೇ ಮ್ಯಾಚಿಂಗ್ ಅಂತಾರೆ. ವ್ಯತ್ಯಾಸ ಬಂದ್ರೆ ಸಪ್ಲೈಯರ್ ಹತ್ರ ಆ 4ಕ್ಕೆ ಕ್ರೆಡಿಟ್ ನೋಟ್ (ಅಷ್ಟು ದುಡ್ಡು ಬಿಲ್ಲಿಂದ ಕಳೀತೀವಿ ಅಂತ ಅವ್ರು ಬರೆದು ಕೊಡೋದು) ತಗೊಳ್ಳಿ, ಫೋನಲ್ಲಿ ಆಯ್ತು ಕೊಡ್ತೀವಿ ಅಂದಿದ್ದನ್ನ ನಂಬ್ಕೊಂಡು ದಯವಿಟ್ಟು ಬಿಲ್ ಕಳಿಸ್ಬೇಡಿ.

ಇನ್ನು 2/10 ನೆಟ್ 30, ಅಂದ್ರೆ 10 ದಿನದೊಳಗೆ ಕಟ್ಟಿದ್ರೆ 2% ಡಿಸ್ಕೌಂಟ್, ಇಲ್ಲಾಂದ್ರೆ 30 ದಿನದೊಳಗೆ ಪೂರ್ತಿ ಕಟ್ಟಬೇಕು. 2% ತಾನೇ ಅಂತ ಬಿಡೋರೇ ಜಾಸ್ತಿ, ನಂಗೆ ಇದು ನೋಡಿದ್ರೆ ತುಂಬ ಬೇಜಾರಾಗತ್ತೆ, ಯಾಕಂದ್ರೆ 98 ರೂಪಾಯಿನ 20 ದಿನ ತಡವಾಗಿ ಕೊಡೋದಕ್ಕೆ 2 ರೂಪಾಯಿ ಜಾಸ್ತಿ ಕೊಟ್ಟ ಹಾಗೆ, ವರ್ಷದ ಲೆಕ್ಕಕ್ಕೆ ಹಾಕಿದ್ರೆ ಸುಮಾರು 37% ಬಡ್ಡಿ ಆಗತ್ತೆ. ಹಾಗಾಗಿ ಮಾಲು ಬಂದ ದಿನಾನೇ ಸ್ಟೋರ್ಸ್‌ನವ್ರ ಹಿಂದೆ ಬಿದ್ದು ಜಿಆರ್‌ಎನ್ ಮಾಡಿಸ್ಕೊಳ್ಳಿ, ಆ 10 ದಿನ ಸಾಮಾನ್ಯವಾಗಿ ಇನ್ವಾಯ್ಸ್ ಡೇಟಿಂದ ಶುರುವಾಗತ್ತೆ, ನಿಮ್ಮ ಪಿಓದಲ್ಲಿ ಹೇಗಿದೆ ಒಂದ್ಸಲ ನೋಡ್ಕೊಳ್ಳಿ.